ಅಮ್ಮನ ಹೊಸ ಗಿರಾಕಿ

ನಾಯಿಮರಿ ಮನೆಗೆ ಬಂದ ದಿನವೇ ಅಳತೆಯ ಟೇಪು ಎರಡು ತುಂಡಾಯಿತು. ಒಂದು ತುಂಡು ಮರಿಯ ಬಾಯಲ್ಲಿ, ಇನ್ನೊಂದು ದರ್ಜಿಯ ಕೈಯಲ್ಲಿ.

"ನೋಡಿ, ಇದೇ ನೀವು ತಂದ ಔಷಧಿ," ಎಂದು ಅವಳು ತುಂಡು ಟೇಪನ್ನು ಗಂಡನ ಮುಂದೆ ಹಿಡಿದಳು.

ಗಂಡ ಬಸ್ ಡ್ರೈವರ್. ದಿನವಿಡೀ ಊರು ಸುತ್ತುವವನ ಕಿವಿಗೆ ಬೀಳದ ಸುದ್ದಿಯಿಲ್ಲ. "ಡಿಪೋದಲ್ಲಿ ಎಲ್ಲರೂ ಹೇಳಿದ್ರು ಕಣೆ. ಮರೆವಿನ ಕಾಯಿಲೆಯವರಿಗೆ ನಾಯಿ ತಂದುಕೊಟ್ರೆ ಮಾತು ವಾಪಸ್ ಬರತ್ತಂತೆ. ಅತ್ತೆ ಒಂದು ಮಾತಾಡಿ ಎಷ್ಟು ದಿನ ಆಯ್ತು, ನೀನೇ ಹೇಳು."

ದರ್ಜಿ ತುಂಡು ಟೇಪನ್ನು ಮೇಜಿನ ಮೇಲಿಟ್ಟು ಅಮ್ಮನ ಕಡೆ ನೋಡಿದಳು. ಆ ಮನೆ ಎಂದರೆ ಬೀದಿಗೆ ತೆರೆದ ಹೊಲಿಗೆಯ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಅಮ್ಮನ ಕುರ್ಚಿ. ಅವಳಿಗೆ ಕಸುಬು ಕಲಿಸಿದವಳೇ ಅಮ್ಮ. ಬೀದಿಯ ಅರ್ಧ ಮಕ್ಕಳು ಅಮ್ಮ ಹೊಲಿದ ಸಮವಸ್ತ್ರ ತೊಟ್ಟೇ ಶಾಲೆ ಕಂಡವರು. ಅಮ್ಮ ಗಿರಾಕಿಯ ಮೈಗೆ ಟೇಪು ಹಿಡಿದು ಅಳತೆ ಹೇಳಿ, "ಬರ್ಕೋ" ಎನ್ನುತ್ತಿದ್ದಳು. ಪಕ್ಕದಲ್ಲಿ ನಿಂತ ಪುಟ್ಟ ಮಗಳು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದುಕೊಳ್ಳುತ್ತಿದ್ದಳು. ಈಗ ಆ ಕೈಗಳೆರಡೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಈ ಕಾಯಿಲೆ ವಾಸಿಯಾಗುವುದಿಲ್ಲವೆಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅದು ಮಗಳಿಗೂ ಗೊತ್ತು. ಅವಳು ದೇವರ ಮುಂದೆ ಕೈಮುಗಿದು ಕೇಳುತ್ತಿದ್ದುದು ಒಂದೇ ಒಂದು: ಅಮ್ಮನ ಬಾಯಿಂದ ಒಂದು ಮಾತು.

ಅಷ್ಟರಲ್ಲಿ ಅಮ್ಮ ಕುರ್ಚಿಯಿಂದ ಎದ್ದಳು. ಮರಿ ಚಂಗನೆ ನೆಗೆದು ಕಾಲಡಿಗೆ ಬಂತು. ಅಮ್ಮ ಮುಗ್ಗರಿಸಿದಳು. ಡ್ರೈವರ್ ಓಡಿಬಂದು ಹಿಡಿಯದಿದ್ದರೆ ಹೊಲಿಗೆ ಯಂತ್ರದ ಮೇಲೇ ಬೀಳುತ್ತಿದ್ದಳು.

ಗಲಾಟೆ ಕೇಳಿ ಪಕ್ಕದ ಮನೆಯ ನರ್ಸಕ್ಕ ಬಂದಳು. ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡು ನೋಡಿಕೊಳ್ಳುವವಳು. ಮರಿಯನ್ನು ಎತ್ತಿಕೊಂಡು ಡ್ರೈವರನನ್ನು ನೋಡಿದಳು.

"ಇದನ್ನ ಅಮ್ಮನಿಗೆ ತಂದದ್ದೋ, ನಿಮ್ಮ ಆಸೆಗೆ ತಂದದ್ದೋ?"

"ಅರ್ಧ ಅರ್ಧ ಅನ್ಕೊಳ್ಳಿ ಅಕ್ಕ," ಎಂದು ಅವನು ತಲೆ ಕೆರೆದುಕೊಂಡ.

"ನಾಯಿ ಬೇಡ ಅಂತ ನಾನು ಹೇಳಲ್ಲ. ಕೆಲವರಿಗೆ ಅದರಿಂದ ತುಂಬ ಸಮಾಧಾನ ಸಿಗತ್ತೆ. ಆದ್ರೆ ಈ ನಾಯಿ ಬೇಡ. ಮರಿ ಅಂದ್ರೆ ಮಗು ಇದ್ದ ಹಾಗೆ, ಕಾಲಿಗೆ ಸಿಗತ್ತೆ, ಕಚ್ಚತ್ತೆ. ಅಮ್ಮ ಅದಕ್ಕೆ ಊಟ ಹಾಕೋದು ಮರೀತಾಳೆ, ಇಲ್ಲಾ ಹಾಕಿದ್ದು ಮರೆತು ಮತ್ತೆ ಮತ್ತೆ ಹಾಕ್ತಾಳೆ. ಕೊನೆಗೆ ಇದನ್ನ ನೋಡ್ಕೊಳ್ಳೋರು ಯಾರು?"

"ಇನ್ಯಾರು, ನಾನೇ," ಎಂದಳು ದರ್ಜಿ. "ಇವರು ಬಸ್ಸು ಹತ್ತಿದ್ರೆ ಇಳಿಯೋದು ಸಂಜೆಗೆ."

"ಅಮ್ಮನಿಗೆ ಮೊದಲಿಂದ ನಾಯಿ ಅಂದ್ರೆ ಇಷ್ಟನಾ, ಭಯನಾ?"

"ಭಯ ಎಲ್ಲಿ? ಮೆಟ್ಟಿಲ ಮೇಲೆ ಮಲಗೋ ನಾಯಿಗೆಲ್ಲ ಚೂರು ಬಟ್ಟೆ ಹಾಸೋಳು."

"ಹಾಗಾದ್ರೆ ಸಾಕೋ ಮಾತು ಆಮೇಲೆ. ಬಂದು ಹೋಗೋ ನಾಯಿನ ಮೊದಲು ನೋಡೋಣ. ಇಸ್ತ್ರಿಯವನ ದೊರೆ ಇದ್ದಾನಲ್ಲ?"

ದೊರೆ ಎಂದರೆ ಬೀದಿಯ ಕೊನೆಯ ಇಸ್ತ್ರಿ ಅಂಗಡಿಯ ಮೇಜಿನಡಿ ಮಲಗಿರುವ ಮುದಿ ನಾಯಿ. ತಲೆಯ ಪಕ್ಕದಲ್ಲೇ ಲಾರಿ ಹಾದರೂ ಒಂದು ಕಿವಿ ಮಾತ್ರ ಅಲ್ಲಾಡಿಸುವ ಪ್ರಾಣಿ.

"ನನ್ನನ್ನೇ ಗುರುತು ಹಿಡಿಯಲ್ಲ," ಎಂದಳು ದರ್ಜಿ. "ನಾಯಿ ಬಂದು ಏನು ಮಾಡತ್ತೆ?"

"ನಾಯಿ 'ನಾನ್ಯಾರು ಹೇಳು' ಅಂತ ಕೇಳಲ್ಲ. ನೀನು ಬೆಳಗಾದ್ರೆ ಅದನ್ನೇ ಕೇಳ್ತೀಯ."

ದರ್ಜಿಗೆ ಚುರುಕ್ಕೆಂದಿತು. ಆದರೆ ಮಾತು ನಿಜವಾಗಿತ್ತು.

ಮರಿ ಡಿಪೋದ ಕಾವಲುಗಾರನ ಮನೆ ಸೇರಿತು. ದೊರೆಗೆ ಲಸಿಕೆಯೆಲ್ಲ ಆಗಿದೆಯೇ, ಮೈಯಲ್ಲಿ ಉಣ್ಣಿ ಇದೆಯೇ ಎಂದು ಪಶುವೈದ್ಯರು ನೋಡಿ ಸರಿಯೆಂದರು. "ನಮ್ಮ ದೊರೆಗೆ ಕೋಪ ಬರೋದು ಊಟ ತಡ ಆದ್ರೆ ಮಾತ್ರ ಅಕ್ಕ, ಅದೂ ನನ್ನ ಮೇಲೆ," ಎನ್ನುತ್ತ ಇಸ್ತ್ರಿಯವನು, ಡ್ರೈವರನಿಗೂ ನರ್ಸಕ್ಕನಿಗೂ ರಜೆಯಿದ್ದ ಒಂದು ಮಧ್ಯಾಹ್ನ, ದೊರೆಯನ್ನು ಕರೆತಂದ.

ದೊರೆ ನಿಧಾನವಾಗಿ ಬಂದು ಅಮ್ಮನ ಮೊಣಕಾಲ ಮೇಲೆ ಗದ್ದ ಇಟ್ಟ.

ಅಮ್ಮನ ಕೈ ಮೇಲೆದ್ದಿತು. ಕತ್ತಿನಿಂದ ಬಾಲದವರೆಗೆ, ಹೊಸ ಬಟ್ಟೆಯ ಹದ ನೋಡುವಂತೆ, ಒಮ್ಮೆ ಸವರಿತು. ಆಮೇಲೆ ಅದೇ ಕೈ ತನ್ನ ಕೊರಳಿಗೆ ಹೋಗಿ ಏನನ್ನೋ ತಡಕಾಡಿತು. ದರ್ಜಿಗೆ ಥಟ್ಟನೆ ಹೊಳೆಯಿತು. ಒಳಗೆ ಓಡಿ ಹೊಸ ಟೇಪು ತಂದು ಅಮ್ಮನ ಕೊರಳಿಗೆ ಹಾಕಿದಳು. ಅಮ್ಮ ಟೇಪನ್ನು ಜಾರಿಸಿ, ದೊರೆಯ ಎದೆಯ ಸುತ್ತ ತಂದು, ತುದಿ ಕೂಡಿಸಿ ಕಣ್ಣು ಕಿರಿದು ಮಾಡಿದಳು.

"ಇಪ್ಪತ್ತಾರು," ಎಂದಳು ಅಮ್ಮ. "ಬರ್ಕೋ."

ದರ್ಜಿ ಮೇಜಿನತ್ತ ಧಾವಿಸಿದಳು. ಸೀಮೆಸುಣ್ಣ ಸಿಗಲಿಲ್ಲ, ಸಿಕ್ಕಾಗ ಅದು ಮುರಿಯಿತು. ಮುರಿದ ತುಂಡಿನಲ್ಲೇ ಮೇಜಿನ ಮೇಲೆ ಬರೆದಳು. ಚಪ್ಪಾಳೆ ತಟ್ಟಲು ಹೋದ ಡ್ರೈವರನ ಕೈಯನ್ನು ನರ್ಸಕ್ಕ ಹಿಡಿದು ನಿಲ್ಲಿಸಿದಳು.

ಅಲ್ಲಿಂದ ಆ ಮನೆಗೆ ಹೊಸ ಜೀವ ಬಂತು. ಆ ಅಳತೆಗೆ ದೊರೆಗೊಂದು ಕೋಟು ಹೊಲಿಯುವುದೆಂದಾಯಿತು. ಗೆರೆ ಎಳೆಯುವುದು ಅಮ್ಮ, ಕತ್ತರಿ ಮಗಳದು. ಗುಂಡಿಯ ಕಾಜಾ ಹೆಣೆಯುವಾಗಂತೂ ಅಮ್ಮನ ಬೆರಳು ಒಂದು ಕಡೆಯೂ ತಡವರಿಸಲಿಲ್ಲ. "ನನ್ನ ಮದುವೆಗೂ ಯಾರೂ ಇಂಥ ಕೋಟು ಹೊಲಿಸಿರ್ಲಿಲ್ಲ," ಎಂದು ಇಸ್ತ್ರಿಯವನು ಗೊಣಗಿದ. ಅಳತೆ ತೆಗೆದ ಮಾರನೆಯ ದಿನವೇ ಅಮ್ಮ ದೊರೆಯನ್ನು ಮೊದಲ ಸಲ ಕಂಡಂತೆ ಮತ್ತೆ ಅಳತೆಗೆ ಇಳಿದಳು. "ನಿನ್ನೆ ತಾನೇ ತಗೊಂಡ್ಯಲ್ಲಮ್ಮ" ಎನ್ನಲು ಹೊರಟ ದರ್ಜಿಯನ್ನು ನರ್ಸಕ್ಕ ಕಣ್ಣಲ್ಲೇ ತಡೆದಳು. "ಹೊಸ ಗಿರಾಕಿ ಅಂದ್ಕೊಳ್ಲಿ ಬಿಡು. ನಿಂಗೇನು ನಷ್ಟ?"

ಆದರೆ ಒಂದು ದಿನ ಎಡವಟ್ಟಾಯಿತು. ಸೆಕೆಯ ಮಧ್ಯಾಹ್ನ. ರವಿಕೆ ಬಿಗಿಯಾಗಿದೆಯೆಂದು ಜಗಳಕ್ಕೆ ಬಂದ ಗಿರಾಕಿಯನ್ನು ಸಮಾಧಾನ ಮಾಡಲು ದರ್ಜಿ ಅಂಗಡಿಯ ಬಾಗಿಲಿಗೆ ಹೋದಳು. ಇತ್ತ ಅಮ್ಮನ ಕಣ್ಣು ದೊರೆ ತೊಟ್ಟಿದ್ದ ಕೋಟಿನ ಕತ್ತಿನ ಗುಂಡಿಯ ಮೇಲೆ ಬಿತ್ತು. ಕತ್ತಿನ ಗುಂಡಿ ಹಾಕದ ಮಗುವನ್ನು ಅಮ್ಮ ಎಂದೂ ಅಂಗಡಿಯಿಂದ ಆಚೆ ಕಳಿಸಿದವಳಲ್ಲ. ಎಳೆದು ಗುಂಡಿ ಹಾಕಿದಳು. ದೊರೆಗೆ ಉಸಿರು ಕಟ್ಟಿತು. ಅವನು ಗುರ್ ಎಂದ. ಗುರುಗುಟ್ಟುವುದರ ಅರ್ಥ ಅಮ್ಮನಿಗೆ ತಿಳಿಯಲಿಲ್ಲ, ಇನ್ನೂ ಬಿಗಿಯಾಗಿ ಎಳೆದಳು. ದೊರೆಯ ಹಲ್ಲು ಕಾಣಿಸಿತು. ಓಡಿಬಂದ ದರ್ಜಿ ಗುಂಡಿಯನ್ನೇ ಕತ್ತರಿಸಿ ಹಾಕಿದಳು.

ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಆದರೂ ದರ್ಜಿ ಕೋಟನ್ನು ಬಿಚ್ಚಿ ಮೂಲೆಗೆಸೆದಳು. "ಸಾಕು. ನಾಳೆಯಿಂದ ನಾಯಿನೂ ಬೇಡ, ಕೋಟೂ ಬೇಡ."

ಮರುದಿನ ದೊರೆ ಬರಲಿಲ್ಲ. ಮಧ್ಯಾಹ್ನ ದರ್ಜಿ ಯಂತ್ರದಿಂದ ತಲೆಯೆತ್ತಿದಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೊರಳಲ್ಲಿ ಟೇಪು, ಕಣ್ಣು ಬೀದಿಯ ಮೇಲೆ.

"ಗಿರಾಕಿ ಬರ್ಲಿಲ್ವಾ?" ಎಂದು ಕೇಳಿದಳು.

ದರ್ಜಿ ಚಪ್ಪಲಿಯನ್ನೂ ಮೆಟ್ಟದೆ ನರ್ಸಕ್ಕನ ಮನೆಗೆ ಓಡಿದಳು. "ಅಕ್ಕ, ಅಮ್ಮ ಕಾಯ್ತಿದ್ದಾಳೆ. ನಂಗೆ ಕೈಕಾಲೇ ಆಡ್ತಿಲ್ಲ, ಏನು ಮಾಡ್ಲಿ?"

"ನಿನ್ನೆ ಆದದ್ದು ನಾಯಿ ತಪ್ಪಲ್ಲ, ಅಮ್ಮನ ತಪ್ಪೂ ಅಲ್ಲ. ಇಬ್ಬರನ್ನೇ ಬಿಟ್ಟು ಹೋಗಿದ್ದು ತಪ್ಪು. ದೊರೆ ಬಂದಾಗ ನೀನೋ ನಾನೋ ಪಕ್ಕದಲ್ಲಿ ಕೂರೋಣ. ಸ್ವಲ್ಪ ಹೊತ್ತು ಸಾಕು. ಅವನಿಗೆ ಬೇಜಾರಾದ್ರೆ ಎದ್ದು ಹೋಗೋಕೆ ಬಾಗಿಲು ತೆಗೆದಿರ್ಲಿ. ಅಮ್ಮನಿಗೆ ಬೇಡ ಅನ್ಸಿದ ದಿನ ನಾವೂ ಸುಮ್ನಿರೋಣ. ಊಟ ಅವನಿಗೆ ಅವನ ಮನೇಲೇ."

"ಕೋಟು?"

"ಗುಂಡಿ ಇಲ್ಲದ್ದು ಹೊಲಿ. ದರ್ಜಿ ನೀನು, ನನ್ನ ಕೇಳ್ತೀಯಲ್ಲ."

ದರ್ಜಿ ಕಣ್ಣೊರೆಸಿಕೊಂಡು ನಕ್ಕಳು. ಇಸ್ತ್ರಿ ಅಂಗಡಿಗೆ ಹೇಳಿಕಳಿಸಿದ್ದೇ ತಡ, ದೊರೆ ಬಾಲ ಆಡಿಸುತ್ತ ಬಂದ. ಅಮ್ಮ ಅವನನ್ನು ಬಾಗಿಲಲ್ಲೇ ಎದುರುಗೊಂಡು ಕುರ್ಚಿಯ ಬಳಿಗೆ ಕರೆದೊಯ್ದಳು, ತಡವಾಗಿ ಬಂದ ಗಿರಾಕಿಯನ್ನು ಗದರುವ ಮುಖ ಮಾಡಿ. ಟೇಪು ಹಿಡಿದಳು. ಹಿಡಿದು ಮಗಳ ಕಡೆ ತಿರುಗಿದಳು.

"ಏನೇ, ಬಾಯಿ ಬಿಟ್ಕೊಂಡು ನಿಂತಿದ್ದೀಯ? ಬರ್ಕೋ."

ಚಿಕ್ಕಂದಿನಲ್ಲಿ ದಿನಾ ತಿಂದ ಬೈಗುಳ. ಅದೇ ದನಿ. ದರ್ಜಿ ಸೀಮೆಸುಣ್ಣ ಎತ್ತಿಕೊಂಡಳು. 'ನಾನ್ಯಾರಮ್ಮ' ಎಂದು ಆ ದಿನ ಅವಳು ಕೇಳಲಿಲ್ಲ, ಕೇಳಬೇಕೆಂದು ಅನ್ನಿಸಲೂ ಇಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಮರೆವಿನ ಹಿರಿಯರಿದ್ದಾರೆಯೇ? ಯಾರೋ ಹೇಳಿದರೆಂದು ನಾಳೆಯೇ ಮರಿಯೊಂದನ್ನು ಹೊತ್ತು ತರಬೇಡಿ. ಅವರಿಗೆ ಮೊದಲಿನಿಂದ ಪ್ರಾಣಿಯೆಂದರೆ ಒಲವೇ, ಹೆದರಿಕೆಯೇ ಎಂದು ನೆನಪಿಸಿಕೊಳ್ಳಿ. ಊಟ, ನೀರು, ಲಸಿಕೆ ನೋಡಿಕೊಳ್ಳುವ ಗಟ್ಟಿ ಕೈ ಮನೆಯಲ್ಲಿ ಇನ್ನೊಂದಿದ್ದರೆ ಮಾತ್ರ ಸಾಕುವ ಯೋಚನೆ ಮಾಡಿ. ಇಲ್ಲದಿದ್ದರೆ ಬಂದು ಹೋಗುವ ಒಂದು ಶಾಂತ ಪ್ರಾಣಿಯೇ ಸಾಕು. ಡಾಕ್ಟರನ್ನೂ ಪಶುವೈದ್ಯರನ್ನೂ ಕೇಳಿ, ಮತ್ತು ಹಿರಿಯರನ್ನೂ ಪ್ರಾಣಿಯನ್ನೂ ಮಾತ್ರ ಬಿಟ್ಟು ಎಂದಿಗೂ ಎದ್ದು ಹೋಗಬೇಡಿ. ಕಾಯಿಲೆ ಹೋಗದಿರಬಹುದು. ಆದರೆ ಭಗವಂತ ಆ ಕೈಗಳಲ್ಲಿ ಇನ್ನೂ ಏನನ್ನೋ ಉಳಿಸಿರುತ್ತಾನೆ. ಅದು ಎದ್ದು ಬರುವ ಹೊತ್ತಿಗೆ ನೀವು ಪಕ್ಕದಲ್ಲಿ ಕೂತಿರಿ.