ಅರ್ಧ ತಲೆ ಲೀಡ್ರು

ಮಾಲ್ಸುನ್ ಕೈಬೆರಳಲ್ಲಿ ಗೆರೆಗಳೇ ಉಳಿದಿರ್ಲಿಲ್ಲ. ಹಡಗು ಕಟ್ಟೋ ಯಾರ್ಡಿನ ಕ್ಯಾಂಟೀನಲ್ಲಿ ಬಿಸಿ ಅನ್ನ ತೋಡಿ ತೋಡಿ, ಕಿಮ್ಚಿ ಅನ್ನೋ ಎಲೆಕೋಸಿನ ಉಪ್ಪಿನಕಾಯಿಯ ಉಪ್ಪು ಖಾರದಲ್ಲಿ ಕೈ ಅದ್ದಿ ಅದ್ದಿ, ಚರ್ಮ ಎಲ್ಲ ಸವೆದು ನುಣ್ಣಗಾಗಿತ್ತು. ಗೇಟಿಗೆ ಬೆರಳಿಡೋ ಮಿಷನ್ ಬಂದಾಗ ಅದು ಇವಳನ್ನ ಒಳಗೇ ಬಿಡ್ಲಿಲ್ಲ. "ನಿಮ್ಮ ಗುರುತು ಸಿಗುತ್ತಿಲ್ಲ" ಅಂತ ಹೆಣ್ಣು ದನೀಲಿ ನಯವಾಗಿ ಹೇಳ್ತು.

"ನೋಡೇ, ಮಿಷನ್ನಿಗೂ ನಾನ್ಯಾರು ಅಂತ ಗೊತ್ತಿಲ್ವಂತೆ."

"ಮ್ಯಾನೇಜರ್ ಹತ್ರ ಟ್ರೇನಿಂಗ್ ಆಗಿರ್ಬೇಕು ಬಿಡು," ಅಂದ್ಲು ಪಕ್ಕದ ಒಲೆಯ ಪಿಲ್ನ್ಯೋ. ಇಬ್ರೂ ಬಿದ್ದು ಬಿದ್ದು ನಕ್ಕಿದ್ರು.

ಆ ನಗು ಮಳೆಗಾಲ ದಾಟ್ಲಿಲ್ಲ. ಕ್ಯಾಂಟೀನು ಹೊರಗಿನ ಕಂಟ್ರಾಕ್ಟಿಗೆ ಹೋಗುತ್ತೆ, ಅಡುಗೆ ಹೆಂಗಸ್ರೆಲ್ಲ ಮನೆಗೆ ಹೋಗಿ ಅಂದ್ಬಿಟ್ರು. ಮನೇಲಿ ಏನಿತ್ತು ಮಾಲ್ಸುನ್‌ಗೆ? ಹಡಗಿನ ಹೊಟ್ಟೆಯೊಳಗೆ ಪೇಂಟ್ ಹೊಡೆದು ಹೊಡೆದು ಶ್ವಾಸಕೋಶ ಸುಟ್ಕೊಂಡ ಗಂಡ. ಮೂಗಿಗೆ ಪೈಪು, ಪಕ್ಕದಲ್ಲಿ ಆಕ್ಸಿಜನ್ ಮಿಷನ್ನು. ಇವಳ ಸಂಬಳ ನಿಂತ್ರೆ ಕರೆಂಟು ನಿಲ್ಲುತ್ತೆ. ಕರೆಂಟು ನಿಂತ್ರೆ ಅವನೂ ನಿಲ್ತಾನೆ. ಕಥೆ ಅಷ್ಟೇ ಸಿಂಪಲ್ಲು.

ಹೆಂಗಸ್ರು ಯಾರ್ಡಿನೊಳಗೆ ಹಳೇ ಕ್ರೇನಿನ ಬುಡದಲ್ಲಿ ಟೆಂಟ್ ಹಾಕಿ ಕೂತ್ರು.

"ಹೆದರ್ಬೇಡ್ರೇ," ಅಂದ್ಲು ಮಾಲ್ಸುನ್. "ಚೋಲ್ಗು ಇದಾನೆ."

ಚೋಲ್ಗು ಅಂದ್ರೆ ಯೂನಿಯನ್ ಅಧ್ಯಕ್ಷ. ಹಿಂದೊಮ್ಮೆ ವೆಲ್ಡರುಗಳನ್ನ ಕೆಲಸದಿಂದ ಕಿತ್ತಾಕಿದಾಗ, ಕೊರೆಯೋ ಚಳೀಲಿ ಇದೇ ಕ್ರೇನ್ ಹತ್ತಿ ಕೂತಿದ್ದ. ಅವನು ಇಳೀಲಿ ಅಂತ ಕಂಪ್ನಿಯವರು ಊಟ ತಡೆದ್ರು. ಮಾಲ್ಸುನ್ ಮುಸುರೆ ಬಕೆಟ್ಟಿನಲ್ಲಿ ಮೂಲಂಗಿ ಸಿಪ್ಪೆ ತುಂಬಿ, ಅದರಡಿ ಅನ್ನದ ಗಂಟು ಇಟ್ಕೊಂಡು ಕಾವಲಿನವರ ಮೂಗಿನೆದುರೇ ಹೋಗ್ತಿದ್ಲು. ಚೋಲ್ಗು ಹಗ್ಗ ಇಳಿಸ್ತಿದ್ದ. ಇವಳು ಗಂಟು ಹಾಕ್ತಿದ್ಲು. ಕೊನೆಗೆ ಕಂಪ್ನಿ ಬಗ್ಗಿತು. ಚೋಲ್ಗು ಇಳಿದು ಬಂದಾಗ ಜನ ಅವನನ್ನ ನೆಲಕ್ಕೇ ಬಿಡ್ಲಿಲ್ಲ, ಹೆಗಲ ಮೇಲೇ ಯೂನಿಯನ್ ಆಫೀಸಿಗೆ ಹೊತ್ಕೊಂಡು ಹೋದ್ರು. ಎಂಟ್ರಿ ಅಂದ್ರೆ ಅದು!

ಆಮೇಲೆ ಅವನು ಆಫೀಸಿಂದ ಈಚೆ ಬಂದಿದ್ದೇ ಕಮ್ಮಿ. ಚರ್ಮದ ಸೋಫಾ ಬಂತು. ಕರೀ ಕಾರು ಬಂತು. ಜನ ಬರೋದು ನಿಂತ್ಹೋಯ್ತು. ಈಗ ಸಭೇಲಿ ಹಂದಿಮಾಂಸ ಸುಡ್ತಾರೆ ಅಂದ್ರೆ ಹೌಸ್‌ಫುಲ್, ಬರೀ ಭಾಷಣ ಅಂದ್ರೆ ಮುಂದಿನ ಸಾಲೂ ಖಾಲಿ. ಹುಡುಗ್ರು ಅವನ ಹಿಂದೆ "ಹಳೇ ಪಿಚ್ಚರ್ ಹೀರೋ" ಅಂತ ಕಿಸಿಯೋದು ಅವನ ಕಿವಿಗೂ ಬಿದ್ದಿತ್ತು.

ಅದಕ್ಕೇ ಇರ್ಬೇಕು, ಟೆಂಟ್ ಮುಂದೆ ತಲೆ ಬೋಳಿಸ್ಕೋತೀನಿ ಅಂತ ಸಾರಿಬಿಟ್ಟ. ಇಲ್ಲಿ ಅದು ಸಣ್ಣ ಮಾತಲ್ಲ. ಲೀಡ್ರು ತಲೆ ಕೊಟ್ಟ ಅಂದ್ರೆ ಇನ್ನು ಹಿಂದೆ ಸರಿಯಲ್ಲ ಅಂತ ಅರ್ಥ. ಹೆಂಗಸ್ರು ಕೇಳಿ ಅತ್ತೇಬಿಟ್ರು.

"ನಾ ಹೇಳ್ಲಿಲ್ವಾ?" ಅಂದ್ಲು ಮಾಲ್ಸುನ್.

ಕ್ಯಾಮೆರಾದವರು ಬಂದ್ರು. ಹಣೆಗೆ ಕೆಂಪು ಪಟ್ಟಿ ಕಟ್ಕೊಂಡ ಯೂನಿಯನ್ ಗಂಡಸ್ರು ಬಂದ್ರು. ಪ್ಲಾಸ್ಟಿಕ್ ಕುರ್ಚಿ ಮೇಲೆ ಚೋಲ್ಗು, ಕತ್ತಿಗೆ ಬಿಳೀ ಬಟ್ಟೆ. ಬೋಳಿಸೋ ಮಿಷನ್ನು ಮಾಲ್ಸುನ್ ಕೈಗೇ ಬಂತು. "ನೀನೇ ಮಾಡ್ಬೇಕು ಅಕ್ಕಾ, ಅವತ್ತು ಅನ್ನ ಹಾಕಿದ ಕೈ," ಅಂತ ಮೈಕಲ್ಲಿ ಅಂದ. ಚಪ್ಪಾಳೆ.

ಮಿಷನ್ ಗುಂಯ್ ಅಂತು. ಬಣ್ಣ ಹಚ್ಚಿದ ಕಪ್ಪು ಕೂದಲು ಮಡಿಲಿಗೆ ಉದುರ್ತು. ಬುಡ ಎಲ್ಲ ಬಿಳಿ. ಅಯ್ಯೋ ಪಾಪ, ಇವನಿಗೂ ವಯಸ್ಸಾಯ್ತು ಅನ್ನಿಸ್ತು ಮಾಲ್ಸುನ್‌ಗೆ. ಅರ್ಧ ತಲೆ ಮುಗಿದಿತ್ತು. ಚೋಲ್ಗು ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

"ಅಕ್ಕಾ, ಬೇಗ ಮುಗಿಸು. ಸಂಜೆ ಟೆಂಟ್ ಬಿಚ್ಚಿಸ್ಬೇಕು."

"ಯಾಕೋ?"

"ಮಾತುಕತೆ ಮುಗೀತು. ಮುಂದಿನ ಸರದಿ ಗಂಡಾಳುಗಳದ್ದಿತ್ತು, ಈಗ ಒಬ್ಬನ್ನೂ ತೆಗೆಯಲ್ಲ ಅಂತ ಕಂಪ್ನಿಯವರು ಬರೆದ್ಕೊಟ್ಟಿದಾರೆ. ಬದಲಿಗೆ ಕ್ಯಾಂಟೀನ್ ಬಿಟ್ಕೊಟ್ಟೆ."

"ಕ್ಯಾಂಟೀನ್ ಅಂದ್ರೆ... ನಮ್ಮನ್ನ?"

"ಏನ್ಮಾಡ್ಲಿ ಹೇಳು. ತಲೆ ಬೋಳಿಸ್ಕೊಂಡ್ರೆ ಕೊನೇವರೆಗೂ ಹೋರಾಡ್ದ ಅಂತಾರಷ್ಟೆ. ಹೆಂಗಸ್ರು ನಿನ್ನ ಮಾತು ಕೇಳ್ತಾರೆ, ನೀನೇ ಸಮಾಧಾನ ಮಾಡ್ಬೇಕು. ಸ್ವಲ್ಪ ಅಳು ಅಕ್ಕಾ, ಕ್ಯಾಮೆರಾ ಇತ್ಲಾಗಿದೆ."

ಮಿಷನ್ ನಿಂತ್ಹೋಯ್ತು.

"ಕರೆಂಟ್ ಹೋಯ್ತಾ?" ಅಂದ ಯಾರೋ.

"ನಮ್ಮನೇದು ಹೋಗುತ್ತೆ," ಅಂದ್ಲು ಮಾಲ್ಸುನ್. "ಚೋಲ್ಗು, ಈಗ ನನ್ನ ಕಿವೀಲಿ ಹೇಳಿದ್ಯಲ್ಲ, ಅದನ್ನ ಮೈಕಲ್ಲಿ ಹೇಳು."

ಚೋಲ್ಗು ಮೈಕಿನ ಮೇಲೆ ಇನ್ನೊಂದು ಕೈಯನ್ನೂ ಮುಚ್ಚಿದ.

"ಹೇಳಲ್ವಾ? ನಾನೇ ಹೇಳ್ತೀನಿ. ಕೇಳ್ರೇ! ನಮ್ಮನ್ನ ಕೊಟ್ಟು ಗಂಡಸ್ರನ್ನ ಬಿಡಿಸ್ಕೊಂಡಿದಾನೆ. ಒಪ್ಪಂದ ಆಗ್ಹೋಗಿದೆ!"

ಪಿಲ್ನ್ಯೋ ಕೂತಲ್ಲೇ ಎದೆ ಬಡ್ಕೊಂಡ್ಲು. ಗಂಡಸ್ರು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದ್ರು. ಕೆಲಸ ಉಳಿದವರಿಗೆ ಯಾವ ಬಾಯಿ?

ಮಾಲ್ಸುನ್ ಮಿಷನ್ನನ್ನ ಅವನ ಮಡಿಲಿಗೆ ಹಾಕಿದ್ಲು. ಯೂನಿಯನ್ ಕಾರ್ಯದರ್ಶಿ ಓಡಿ ಬಂದ. "ಅಕ್ಕಾ, ಇನ್ನರ್ಧ?"

"ನಮ್ಮ ಕಡೆ ಅರ್ಧ ಆಯ್ತು. ಇನ್ನರ್ಧ ಮ್ಯಾನೇಜರ್ ಬೋಳಿಸ್ಲಿ."

ಸಂಜೆ ಕಾವಲಿನವರು ಬಂದು ಟೆಂಟ್ ಹರಿದ್ರು. ಅಕ್ಕಿ ಮೂಟೆ ಎಳೆಯೋ ಹಾಗೆ ಹೆಂಗಸ್ರನ್ನ ಗೇಟಾಚೆ ಎಳೆದ್ರು. ಎಣಿಸಿ ನೋಡಿದ್ರೆ ಒಬ್ಬಳು ಕಮ್ಮಿ. ಮಾಲ್ಸುನ್ ಕ್ರೇನಿನ ಏಣಿ ಮೇಲಿದ್ಲು. ಬೆನ್ನಿಗೆ ಹಗ್ಗ, ಸೊಂಟಕ್ಕೆ ಆ ಮುಸುರೆ ಬಕೆಟ್ಟು.

ಮೇಲೆ ಗಾಳಿ ಅಂದ್ರೆ ಗಾಳಿ. ಗೇಟಾಚೆ ಹೆಂಗಸ್ರು ಇರುವೆ ಹಾಗೆ ಕಾಣ್ತಿದ್ರು, ಅದರಾಚೆ ಗುಡ್ಡದಲ್ಲಿ ಅವಳ ಮನೆ ದೀಪ. ಇನ್ನೂ ಉರೀತಿದೆ. ಅಷ್ಟು ವರ್ಷ ಇವಳು ಕೆಳಗೆ ನಿಂತು ಮೇಲೆ ಕೂತವನನ್ನೇ ದೊಡ್ಡವನು ಅಂದ್ಕೊಂಡಿದ್ಲು. ಮೇಲೆ ಬಂದ್ಮೇಲೆ ಗೊತ್ತಾಯ್ತು, ಇಲ್ಲಿ ಏನೂ ಇಲ್ಲ. ಬರೀ ತುಕ್ಕು. ಇರೋದೆಲ್ಲ ಹಗ್ಗದ ಆ ತುದೀಲಿ.

ಬೆಳಗ್ಗೆ ಬಕೆಟ್ ಇಳಿಸಿದ್ಲು. ಎಳೆದ್ರೆ ಖಾಲಿ.

ಮಧ್ಯಾಹ್ನ ಸೈರನ್ ಕೂಗ್ತು. ಹೊಸ ಕಂಟ್ರಾಕ್ಟಿನ ಪ್ಲಾಸ್ಟಿಕ್ ಡಬ್ಬಿ ಹಿಡ್ಕೊಂಡು ಗಂಡಸ್ರು ಸಾಲಾಗಿ ಬಂದ್ರು. ಬಕೆಟ್ ಮತ್ತೆ ಇಳೀತು. ಚೋಲ್ಗು ಆ ಸೆಖೇಲೂ ಉಣ್ಣೆ ಟೋಪಿ ಹಾಕ್ಕೊಂಡು ಮೈಕ್ ಹಿಡಿದು ನಿಂತಿದ್ದ.

"ಅಕ್ಕಾ, ಇಳಿದು ಬಾ! ಯಾರೂ ಹತ್ರ ಹೋಗ್ಬೇಡಿ! ಇದು ಯೂನಿಯನ್ ತೀರ್ಮಾನ!"

"ಟೋಪಿ ತೆಗ್ದು ಮಾತಾಡೋ!" ಮೇಲಿಂದ ಬಂತು.

ಯಾರೋ ಕಿಸಕ್ ಅಂದ. ಆದ್ರೆ ಯಾರೂ ಸಾಲು ಬಿಡ್ಲಿಲ್ಲ. ಒಬ್ಬೊಬ್ಬರೇ ಬಕೆಟ್ ಬಳಸ್ಕೊಂಡು, ತಲೆ ತಗ್ಗಿಸ್ಕೊಂಡು ದಾಟಿ ಹೋದ್ರು. ಸಾಲು ಮುಗೀತಾ ಬಂತು. ಮಾಲ್ಸುನ್ ಹಗ್ಗನ ಮುಂಗೈಗೆ ಸುತ್ಕೊಂಡು ಕಣ್ಣು ಮುಚ್ಚಿದ್ಲು. ಬೆರಳಲ್ಲಿ ಗುರುತಿಲ್ಲದಿದ್ರೇನು, ತೂಕ ಗೊತ್ತಾಗುತ್ತೆ.

ಹಗ್ಗ ಬಿಗೀತು.

ಎಳೆದ್ಲು. ಒಂದು ಡಬ್ಬಿ. ಅರ್ಧ ತಿಂದಿದ್ದು. ಕೆಳಗೆ ಒಬ್ಬ ಮುದಿ ವೆಲ್ಡರ್ ಖಾಲಿ ಕೈ ಪ್ಯಾಂಟಿಗೆ ಒರೆಸ್ಕೊಳ್ತಿದ್ದ. ಚೋಲ್ಗು ಮೈಕಲ್ಲಿ ಮಾತಾಡ್ತಾನೇ ಇದ್ದ. ಜನ ಮಾತ್ರ ಕತ್ತೆತ್ತಿ, ಗಾಳೀಲಿ ಓಲಾಡ್ಕೊಂಡು ಮೇಲೆ ಹೋಗ್ತಿದ್ದ ಬಕೆಟ್ಟನ್ನೇ ನೋಡ್ತಿದ್ರು.