ಮೂರು ಹೆಜ್ಜೆ ದೂರದ ನಲ್ಲಿ

ಎಡಗಾಲಿನ ಮೇಲೆ, ಮಂಡಿಯ ತನಕ ಏರಿಸಿದ ತೆಳು ಕಾಲುಚೀಲದ ಒಳಗೆ, ಏನೋ ಹರಿದಾಡಿತು, ಇರುವೆ ಇರಬೇಕು, ಇರುವೆಯಲ್ಲ, ತುರಿಕೆ, ಕೆರೆಯಬಾರದು, ಆಸ್ಪತ್ರೆಯ ಆಡಳಿತಾಧಿಕಾರಿಯ ಕೋಣೆಯೆದುರು ಬೆಂಚಿನ ಮೇಲೆ ಕೂತು ಕಾಲು ಕೆರೆದುಕೊಂಡರೆ ಸ್ವಾಗತದ ಮೇಜಿನ ಕೆಲಸ ಸಿಕ್ಕ ಹಾಗೆಯೇ, ಸಂದರ್ಶನಕ್ಕೆ ಒಳಗೊಬ್ಬಳಿದ್ದಾಳೆ, ಅವಳಾದ ಮೇಲೆ ತಾನು — ಮೊಣಕಾಲುದ್ದದ ಸ್ಕರ್ಟೇ ಅಲ್ಲಿನ ಸಮವಸ್ತ್ರ, ಹಾಕ್ಕೊಂಡೇ ಬನ್ನಿ, ಕಾಲು ನೀಟಾಗಿರಲಿ ಎಂದಿದ್ದ ಗುಮಾಸ್ತ, ಹಲ್ಲು ಕಿರಿದು, ಮೇಜಿನ ಹಿಂದೆ ಕೂರುವವಳ ಕಾಲು ಯಾರಿಗೆ ಕಾಣಬೇಕೋ. ನೀಟು. ಬೆಳಿಗ್ಗೆ ಬಚ್ಚಲಲ್ಲಿ ಒಣ ಕಾಲಿಗೇ ರೇಜರ್ ಎಳೆದಳು, ಕೆಳಗಿನಿಂದ ಮೇಲಕ್ಕೆ, ಕೂದಲಿಗೆ ಎದುರಾಗಿ, ಸರ್‍ರ್, ಸರ್‍ರ್, ಇಲ್ಲಿನ ವಾರ್ಡಿನಲ್ಲಿ ರೋಗಿಗಳಿಗೆ ಎಳೆಯುವ ಹಾಗೆಯೇ, ಆರು ವರ್ಷ ಪಳಗಿದ ಕೈ, ಆಪರೇಷನ್ನಿಗೆ ಮುಂಚೆ ಎಷ್ಟು ಹೊಟ್ಟೆ, ಎಷ್ಟು ತೊಡೆ ಬೋಳಿಸಿದ್ದಾಳೋ, ಬ್ಲೇಡಕ್ಕ ಬಂದ್ಲು, ಹೊದಿಕೆ ಬಿಗಿಯಾಗಿ ಹಿಡ್ಕೊಳ್ರಪ್ಪ ಎಂದು ವಾರ್ಡಿನವರ ನಗೆ — ಆ ಹೆಸರು ಇನ್ನು ಬೇಡ, ಪರರ ಕೂದಲು ತನ್ನ ಉಗುರಿನ ಸಂದಿಯಲ್ಲಿ ಬೇಡ, ಅನ್ನಕ್ಕೆ ಕೈ ಹಾಕಿದರೂ ಸ್ಪಿರಿಟ್ ನಾರುವುದು ಬೇಡ. ಬೋಳಿಸಿ ಅದೇ ಸ್ಪಿರಿಟ್ ಸುರಿದುಕೊಂಡಿದ್ದಳು, ಬೆಂಕಿ, ಹಲ್ಲು ಕಚ್ಚಿ ತಡೆದಳು, ಈಗ ಕಾಲುಚೀಲ ಹಸಿ ಗಾಯಕ್ಕೆ ಅಂಟಿಕೊಂಡಿದೆ, ತಡೆಯಲಾಗಲಿಲ್ಲ, ಎದ್ದಳು.

ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಕಾಲುಚೀಲ ಸುಲಿದರೆ ಸಿಪ್ಪೆಯ ಹಾಗೆ ಬರುತ್ತದೆ, ಚರ್ಮವನ್ನೂ ಎಳೆದುಕೊಂಡು, ಥೂ, ಇದು ತನ್ನ ಕಾಲೇ, ಸಾಸಿವೆ ಚೆಲ್ಲಿದಂತೆ ಕೆಂಪು ಗುಳ್ಳೆ, ಒಂದೊಂದರ ನೆತ್ತಿಯ ಮೇಲೂ ರಕ್ತದ ಚುಕ್ಕೆ, ನಡುವೆ ರೇಜರಿಗೆ ಸಿಗದ ಹಂದಿಕೂದಲಿನ ಮೋಟು, ಮುಟ್ಟಲಿಕ್ಕೂ ಹೇಸಿಗೆ, ಮುಟ್ಟದೆ ಇರಲಿಕ್ಕೂ ಆಗದು. ಒರೆಸುವ ಕೋಲು ಹಿಡಿದು ಬಂದ ಕಸದಕ್ಕ ಅಲ್ಲೇ ನಿಂತಳು, ಏನೇ ಇದು, ಪುಕ್ಕ ತರಿದ ಕೋಳಿ ಥರ, ಊರಿಗೆಲ್ಲ ಬೋಳಿಸೋಳು ನೀನೇ ಅಲ್ವಾ, ನೀರಾದ್ರೂ ಹಚ್ಕೋಬಾರ್ದಿತ್ತಾ? ಹೊತ್ತಾಗಿತ್ತಕ್ಕ. ಹೊತ್ತಾಗಿತ್ತಂತೆ, ತಗೋ, ತಣ್ಣೀರ ಬಟ್ಟೆ ಇಡು, ಉಜ್ಜಬೇಡ, ಒತ್ತು. ಒತ್ತಿದಳು, ಆಹಾ, ತಣ್ಣಗೆ ಮೂಳೆಯ ತನಕ ಇಳಿಯಿತು, ಇಳಿದ ಜಾಗದಲ್ಲೇ ಇನ್ನೊಂದು ಕಾಲು ಎದ್ದು ನಿಂತಿತು — ಬಿಳಿಚಿದ ಕಾಲು, ಮುದಿ ಕಾಲು, ದರ್ಜಿ ಅಜ್ಜನದು, ಹೊಲಿಗೆ ಯಂತ್ರ ತುಳಿದೂ ತುಳಿದೂ ಮಂಡಿ ಸವೆದು ಆಪರೇಷನ್ನಿಗೆ ಬಂದವನು, ಸ್ವಲ್ಪ ನೀರು ಹಚ್ಚಮ್ಮ, ಉರಿಯತ್ತೆ ಎಂದಿದ್ದ. ನಲ್ಲಿ ಮೂರು ಹೆಜ್ಜೆ ದೂರದಲ್ಲಿತ್ತು. ಏನಾಗಲ್ಲ, ಸುಮ್ನೆ ಮಲ್ಕೊಳ್ಳಿ ಅಜ್ಜ, ಸರ್‍ರ್. ಮಾರನೆಯ ದಿನ ಸಾಸಿವೆ, ಮೂರನೆಯ ದಿನ ಕೀವು, ಇಂಥ ಕಾಲಿಗೆ ಚಾಕು ಹಾಕಲ್ಲ ಎಂದು ಡಾಕ್ಟರು ತಿರುಗಿಯೂ ನೋಡದೆ ಹೋದರು, ಚೀಟಿಯಲ್ಲಿ ಬರೆದವಳು ತಾನೇ, ರೋಗಿಯ ಚರ್ಮ ಸೂಕ್ಷ್ಮ, ಅಜ್ಜ ಗೋಡೆ ಹಿಡಿದು ಕುಂಟುತ್ತ ಮನೆಗೆ ಹೊರಟಾಗ ಅವಳ ಕೈ ಹಿಡಿದು, ನನ್ನ ಚರ್ಮನೇ ಸರಿಯಿಲ್ಲ ಬಿಡಮ್ಮ, ನಿಂಗೆ ಸುಮ್ನೆ ತೊಂದ್ರೆ.

ಕೂಗುತ್ತಿದ್ದಾರೆ, ಹೋಗೇ, ನಿನ್ನನ್ನೇ ಎಂದಳು ಕಸದಕ್ಕ, ಒದ್ದೆ ಕಾಲಿಗೆ ಕಾಲುಚೀಲ ಏರುವುದಿಲ್ಲ, ಹರಿಯಿತು, ಬಿಡು, ಬರಿಗಾಲನ್ನೇ ತುರುಕಿದ ಚಪ್ಪಲಿ ಪಚಪಚ ಎನ್ನುತ್ತದೆ, ಕೋಣೆಯೊಳಗೆ ತಂಪು, ಅಧಿಕಾರಿಯ ಕಣ್ಣು ಮೊದಲು ಇಳಿದದ್ದೇ ಕೆಳಕ್ಕೆ, ಕಾಲಿಗೇನಾಯ್ತಮ್ಮ? ನನ್ನ ಚರ್ಮ ಸ್ವಲ್ಪ ಸೂಕ್ಷ್ಮ ಸಾರ್. ಎಷ್ಟು ಸಲೀಸಾಗಿ ಬಂತು, ಬಾಯಿಪಾಠ ಒಪ್ಪಿಸಿದ ಹಾಗೆ, ಅಧಿಕಾರಿ ನಂಬಿಯೂ ಬಿಟ್ಟರು, ಓ ಹಾಗಾ, ಪರವಾಗಿಲ್ಲ, ಕೂತ್ಕೊಳ್ಳಿ, ಆರು ವರ್ಷ ವಾರ್ಡಲ್ಲಿದ್ರಂತೆ, ಒಳ್ಳೇದಾಯ್ತು, ಈಗ ನಾನೇ ರೋಗಿ ಅನ್ಕೊಳ್ಳಿ, ನೋವಲ್ಲಿ ಬಂದಿದೀನಿ, ನಂಗೇನು ಹೇಳ್ತೀರಾ? ಬಾಯಿ ತೆರೆದಳು, ನಮಸ್ಕಾರ ಎನ್ನಬೇಕು, ಕನ್ನಡಿಯ ಮುಂದೆ ಎಷ್ಟು ಸಲ ಅಂದಿದ್ದಾಳೆ, ನಾಲಿಗೆಯ ತುದಿಗೆ ಬಂದು ನಿಂತದ್ದು ಏನಾಗಲ್ಲ, ಸುಮ್ನೆ ಮಲ್ಕೊಳ್ಳಿ, ಅದೊಂದೇ, ಹೇಳಿ ಅಮ್ಮ, ಅಧಿಕಾರಿ ಕಾಯುತ್ತಿದ್ದಾರೆ, ಕಾಲು ಧಗಧಗ ಉರಿಯುತ್ತಿದೆ, ಮೇಜಿನಾಚೆ ಅಜ್ಜನ ಬಿಳಿಚಿದ ಮುದಿ ಕಾಲು ಚಾಚಿಕೊಂಡಿದೆ, ಒಣಗಿದೆ, ನಲ್ಲಿ ಮೂರು ಹೆಜ್ಜೆ ದೂರದಲ್ಲಿದೆ, ತೊಟ್ಟಿಕ್ಕುತ್ತಿದೆ, ಮೂರೇ ಹೆಜ್ಜೆ —