ಏಳನೆಯ ಹೆಸರು

ಸನಬಾ ತುಂಕಾರ ನೋಟುಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಬಂದಳು. ಕುಲಿಬಾಲಿಯವರ ಎಂಟು ದಿನದ ಕೂಸಿಗೆ ಇಂದು ಹೆಸರಿಡುವ ಸಂಭ್ರಮ. ಸೆಗು ಊರಿನಲ್ಲಿ ಈ ಮನೆತನದ ಹನ್ನೊಂದು ಹಿರಿಯರನ್ನು ಹೆಸರು ಹಿಡಿದು ಹೊಗಳದೆ ಕೂಸಿಗೆ ಹೆಸರು ನಿಲ್ಲುವುದಿಲ್ಲ. ಹೊಗಳುವ ಹಕ್ಕು ತುಂಕಾರರದು. ಅರವತ್ತು ವರ್ಷ ಅದನ್ನು ನಡೆಸಿದ ಅಜ್ಜಿ ವಾಂದೆಯ ಗಂಟಲು ಈ ಸಲದ ದೂಳುಗಾಳಿಗೆ ಕಟ್ಟಿಹೋಗಿತ್ತು; ಹಾಗಾಗಿ ಇಂದು ಮೊಮ್ಮಗಳು ಸನಬಾಳ ಸರದಿ. ಒಂದು ಹೆಸರು ತಪ್ಪಿದರೂ ಹಕ್ಕು ಬೇರೆಯವರ ಪಾಲು ಎಂದು ಕುಲಿಬಾಲಿ ಮನೆಯ ಯಜಮಾನ ಮೊದಲೇ ಹೇಳಿದ್ದ.

ಶಾಲೆ ಕಲಿತವಳಲ್ಲವೇ, ಸನಬಾ ಎಲ್ಲವನ್ನೂ ನೀಲಿ ಶಾಯಿಯಲ್ಲಿ ಬರೆದುಕೊಂಡು ತಿಂಗಳಿಡೀ ಓದಿದ್ದಳು. ಚಿಕ್ಕಂದಿನಿಂದ ಅಜ್ಜಿಯ ಬಾಯಲ್ಲಿ ಕೇಳಿದ್ದಳು, ನಿಜ. ಆದರೆ ಕೇಳಿದ್ದು ಗಾಳಿಗೆ, ಬರೆದದ್ದೇ ಗಟ್ಟಿ ಎಂಬುದು ಅವಳ ಜಂಬ.

ಆರು ಹೆಸರು ನೀರು ಕುಡಿದಷ್ಟು ಸಲೀಸಾಗಿ ಬಂದವು. ಏಳನೆಯದಕ್ಕೆ ಬಾಯಿ ತೆರೆದಳು. ನೋಟುಪುಸ್ತಕದ ಪುಟ ಮನಸ್ಸಿನ ಕಣ್ಣೆದುರಿಗೇ ಇತ್ತು: ಎಡಗಡೆ, ಮೂರನೆಯ ಸಾಲು, ಪಕ್ಕದಲ್ಲಿ ಚಹಾದ ಕಲೆ. ಕಲೆಯ ಅಂಚು ಕೂಡ ಕಂಡಿತು. ಹೆಸರು ಮಾತ್ರ ಇಲ್ಲ. ಯಜಮಾನನ ಹುಬ್ಬು ಮೇಲೇರಿತು.

ಆಗ ಮುಂದಿನ ಚಾಪೆಯಲ್ಲಿದ್ದ ಮುದುಕ ಜುಮಾನ ಕೇಯಿತ ಕೆಮ್ಮಿದ. ಕೇಯಿತರಿಗೂ ಕುಲಿಬಾಲಿಯವರಿಗೂ ತಲತಲಾಂತರದ ಗೇಲಿಯ ನಂಟು; ಮದುವೆಯಾಗಲಿ ಮಸಣವಾಗಲಿ, ಏನಂದರೂ ಯಾರೂ ಸಿಟ್ಟಾಗುವಂತಿಲ್ಲ.

"ಏಳ್ನೇಯವ್ನು ಹೆಂಗ್ ಬಂದಾನಮ್ಮ? ಅಲಸಂದೆ ತಿಂದು ಹೊಟ್ಟೆ ಉಬ್ಬಿ ಬಾಗ್ಲಲ್ಲೇ ಸಿಕ್ಕಾಕ್ಕೊಂಡವ್ನೆ," ಎಂದ.

ಅಂಗಳವೆಲ್ಲ ನಕ್ಕಿತು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಸನಬಾಳ ನಾಲಿಗೆ ತಾನಾಗಿ ಹೊರಳಿತು. ಅವಳು ಚಿಕ್ಕವಳಿದ್ದಾಗ ಪ್ರತಿ ಸಮಾರಂಭದಲ್ಲೂ ಈ ಮುದುಕ ಏಳನೆಯ ಹೆಸರು ಬರುವ ಹೊತ್ತಿಗೇ ಹೀಗೆ ಕೆಣಕುತ್ತಿದ್ದ, ಅಜ್ಜಿ ತಿರುಗೇಟು ಕೊಡುತ್ತಿದ್ದಳು. ಸನಬಾ ಅಜ್ಜಿಯದೇ ರಾಗ ಎತ್ತಿದಳು.

"ಸೀರಿಮನ್ ಕುಲಿಬಾಲಿ, ತಾನುಂಡು ಮಿಕ್ಕಿದ್ರಲ್ಲಿ ಕೇಯಿತರನ್ನೆಲ್ಲ ಸಾಕಿದ ಧಣಿ."

ನಗು ಗೋಡೆ ದಾಟಿತು. ಉಳಿದ ನಾಲ್ವರು ಒಬ್ಬರ ಬೆನ್ನಿಗೊಬ್ಬರು ಬಂದರು, ಕೂಸಿಗೆ ಹೆಸರಾಯಿತು. ಯಜಮಾನ ತನ್ನ ಕೈಯಾರೆ ಸನಬಾಳಿಗೆ ತಾಂಬೂಲದಂತೆ ಮರ್ಯಾದೆಗೆ ಕೊಡುವ ಕೋಲಾ ಕಾಯಿ ಕೊಟ್ಟು, ಮುಂದಿನ ಕೂಸಿಗೂ ನೀನೇ ಬರಬೇಕು ಎಂದ.

ಸಂತೋಷ ತಡೆಯಲಾರದೆ ಅವಳು ಅಜ್ಜಿಯ ಪಕ್ಕದಲ್ಲಿ ಕುಸಿದು ಕೂತು, ಹೆಸರು ಮರೆತೇ ಹೋಗಿತ್ತು, ಆ ಕೇಯಿತರ ಪುಣ್ಯಾತ್ಮ ಉಳಿಸಿದ ಎಂದು ಒಪ್ಪಿಕೊಂಡಳು. ಅಜ್ಜಿ ಅವಳನ್ನು ಹತ್ತಿರಕ್ಕೆಳೆದು ಒಡಕು ದನಿಯಲ್ಲಿ ಪಿಸುಗುಟ್ಟಿದಳು.

"ಆ ಹೆಸ್ರು ನಂಗೂ ಒಂದಿನಾನೂ ತಾನಾಗಿ ಬಂದಿಲ್ಲ ಕಣೇ. ಅರವತ್ತು ವರ್ಷದಿಂದ ಆ ಮುದುಕನ್ನ ಹೋದಕಡೆಯೆಲ್ಲ ಯಾಕೆ ಕರೆಸ್ತೀನಿ ಅಂದ್ಕೊಂಡಿದ್ದೆ?"